ಹಳೆಯ ಮನೆಗೆ ಹೊಸ ಕಳೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಮನೆಯೊಂದನ್ನು ಕಟ್ಟುವುದು ಎಂತಹ ಕಷ್ಟದ ಕೆಲಸವೆಂಬುದನ್ನು ಇದು ಸಾರುತ್ತದೆ. ಆದರೆ ಕಟ್ಟಿದ ಮನೆಯನ್ನು ಉಳಿಸಿಕೊಂಡು ಬರುವುದು ಅದಕ್ಕಿಂತ ಸುಲಭವೇನಲ್ಲ. ಕಟ್ಟುವ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿದುಹೋಗುತ್ತದೆ. ಉಳಿಸಿಕೊಳ್ಳುವ ಕೆಲಸವಾದರೋ ತಲೆಮಾರುಗಳ ಕಾಲ ನಡೆಯುತ್ತದೆ. ಕಟ್ಟಿದವನ ಹೆಸರನ್ನು ಊರು ನೆನೆಯುತ್ತದೆ. ವರ್ಷ ವರ್ಷವೂ ಹೆಂಚು ಸರಿಪಡಿಸಿ, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ ಅದನ್ನು ಕಾಪಾಡಿದವರ ಹೆಸರು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಆದರೂ ಇಂದು ನಮ್ಮ ಕಣ್ಣಮುಂದೆ ನಿಂತಿರುವ ಹಳೆಯ ಮನೆಗಳೆಲ್ಲ ಅಂತಹ ಹೆಸರಿಲ್ಲದವರ ದುಡಿಮೆಯ ಫಲವೇ ಆಗಿವೆ.

ಅಜ್ಜನ ಕಾಲದ ಮನೆಯೊಂದು ಸಾಧಾರಣ ಆದಾಯದ ಕುಟುಂಬದ ಪಾಲಿಗೆ ಬಂದಾಗ ಅವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಕೈಯಲ್ಲಿ ಹಣವಿಲ್ಲವೆಂದು ಮನೆಯನ್ನು ಹಾಗೆಯೇ ಬಿಟ್ಟುಬಿಡುವುದು ಒಂದು. ಸಾಲ ಮಾಡಿ ಒಂದೇ ಬಾರಿಗೆ ಎಲ್ಲವನ್ನೂ ಕಿತ್ತು ಹೊಸದು ಮಾಡುವುದು ಇನ್ನೊಂದು. ಮೊದಲನೆಯದರಿಂದ ಮನೆ ಕೆಡುತ್ತದೆ. ಎರಡನೆಯದರಿಂದ ಎಷ್ಟೋ ವೇಳೆ ಮನೆತನವೇ ಕೆಡುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಮನೆಯ ಸ್ವಭಾವವನ್ನು ಅರಿತು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಿಶ್ಚಯಿಸಿಕೊಂಡು, ಶಕ್ತಿಯಿದ್ದಷ್ಟನ್ನು ವರ್ಷವರ್ಷವೂ ಮಾಡುತ್ತ ಹೋಗುವುದೇ ಆ ದಾರಿ. ಇದು ನಿಧಾನದ ದಾರಿಯಾದರೂ ಗುರಿ ಮುಟ್ಟಿಸುವ ದಾರಿ.

ಮೊದಲು ಹಳೆಯ ಮನೆಯ ಸ್ವಭಾವವನ್ನು ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ತೊಟ್ಟಿಯ ಮನೆಗಳು ಇನ್ನೂ ಕಾಣಸಿಗುತ್ತವೆ. ಬೀದಿಗೆ ಮುಖ ಮಾಡಿದ ಜಗಲಿ, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಮರದ ಕಂಬಗಳ ಮೇಲೆ ನಿಂತ ಪಡಸಾಲೆ, ಅದಕ್ಕೆ ಹೊಂದಿಕೊಂಡ ನಡುಮನೆ, ದೇವರ ಮನೆ, ಅಡುಗೆಮನೆ, ಹಿಂಬದಿಯಲ್ಲಿ ಬಚ್ಚಲು ಮತ್ತು ಕೊಟ್ಟಿಗೆ, ಇದು ಅವುಗಳ ವಿನ್ಯಾಸ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಅವರು ಬೆಳೆದ ಮನೆ ಇದೇ ಬಗೆಯದು. ಅದನ್ನು ಈಗ ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ. ಇಂತಹ ಮನೆಗಳ ಗೋಡೆ ಮಣ್ಣಿನದು ಇಲ್ಲವೆ ಹಸಿ ಇಟ್ಟಿಗೆಯದು, ಬುನಾದಿ ಕಲ್ಲಿನದು, ಮೇಲ್ಛಾವಣಿ ಮರದ್ದು ಮತ್ತು ಹೆಂಚಿನದು. ದಪ್ಪವಾದ ಮಣ್ಣಿನ ಗೋಡೆ ಬೇಸಿಗೆಯ ಹಗಲಿನ ಬಿಸಿಯನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ಬಿಸಿಯಾದ ಗಾಳಿ ತೊಟ್ಟಿಯ ಮೂಲಕ ಮೇಲೇರಿ ಹೋಗುವುದರಿಂದ ಸುತ್ತಣ ಪಡಸಾಲೆ ತಂಪಾಗಿರುತ್ತದೆ. ಬೀಸಣಿಗೆಯ ಯಂತ್ರಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಮನೆಯನ್ನೇ ಬೀಸಣಿಗೆಯಾಗಿ ಕಟ್ಟಿದ್ದರು. ಈ ಗುಣವನ್ನು ಅರಿಯದೆ ತೊಟ್ಟಿಗೆ ಕಾಂಕ್ರೀಟು ಮುಚ್ಚಳ ಹಾಕಿದರೆ ಒಂದು ಕೋಣೆಯಷ್ಟು ಜಾಗ ದೊರೆತೀತು. ಆದರೆ ಉಳಿದ ಕೋಣೆಗಳ ಬೆಳಕೂ ಗಾಳಿಯೂ ಅದರೊಡನೆ ಹೊರಟುಹೋಗುತ್ತವೆ.

ಹಳೆಯ ಮನೆಯ ಮೊದಲ ಶತ್ರು ವಯಸ್ಸಲ್ಲ, ನೀರು. ಒಣಗಿದ ಮಣ್ಣಿನ ಗೋಡೆ ನೂರು ವರ್ಷ ನಿಲ್ಲಬಲ್ಲುದು. ನೆನೆದ ಗೋಡೆ ಒಂದು ಮಳೆಗಾಲವನ್ನೂ ದಾಟದಿರಬಹುದು. 2019ರ ಆಗಸ್ಟ್ ತಿಂಗಳಿನ ಮಳೆ ಮತ್ತು ಪ್ರವಾಹಗಳಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಸಾವಿರಾರು ಮನೆಗಳು ಹಾಳಾದವು. ಪ್ರವಾಹವನ್ನು ಒಂದು ಕುಟುಂಬ ತಡೆಯಲಾರದು, ನಿಜ. ಆದರೆ ಪ್ರತಿ ಮಳೆಗಾಲದಲ್ಲಿಯೂ ಪ್ರವಾಹವಿಲ್ಲದ ಊರುಗಳಲ್ಲಿಯೇ ರಾತ್ರಿ ಮಲಗಿದವರ ಮೇಲೆ ಗೋಡೆ ಕುಸಿದ ಸುದ್ದಿಯನ್ನು ನಾವು ಓದುತ್ತೇವೆ. ಅಂತಹ ಗೋಡೆಗಳಲ್ಲಿ ಎಷ್ಟೋ ಗೋಡೆಗಳು ಒಂದೇ ದಿನದಲ್ಲಿ ನೆನೆದವುಗಳಲ್ಲ. ಒಡೆದ ಹೆಂಚಿನ ಕೆಳಗೆ, ಕಟ್ಟಿಕೊಂಡ ಚರಂಡಿಯ ಪಕ್ಕದಲ್ಲಿ ವರ್ಷಗಟ್ಟಲೆ ನೀರು ಕುಡಿದು ಸತ್ವಗುಂದಿದವು. ಆದುದರಿಂದ ಗೋಡೆಗೆ ಯಾವ ಬಣ್ಣ ಚೆನ್ನ ಎಂದು ಆಲೋಚಿಸುವ ಮೊದಲು ಮನೆಯೊಳಕ್ಕೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆಮಾಡಬೇಕು.

ಇದಕ್ಕೆ ಖರ್ಚೇನೂ ಇಲ್ಲ. ಜೋರು ಮಳೆ ಬರುವಾಗ ಮನೆಯ ಒಳಗೆ ಒಂದು ಸುತ್ತು ಬಂದು, ಎಲ್ಲೆಲ್ಲಿ ಹನಿ ಬೀಳುತ್ತದೆಯೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದರೆ ಸಾಕು. ಮಳೆ ನಿಂತ ಮೇಲೆ ಹೊರಗೆ ಒಂದು ಸುತ್ತು ಬಂದು ಎಲ್ಲಿ ನೀರು ಗೋಡೆಯ ಬುಡದಲ್ಲಿ ನಿಂತಿದೆ ಎಂದು ನೋಡಬೇಕು. ಇವೆರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬೇಸಿಗೆಯ ಕೆಲಸದ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳೇ ಮಾಡಬಹುದಾದ ಕೆಲಸವಿದು.

ಮಂಗಳೂರು ಹೆಂಚಿನ ಮಾಡಿಗೆ ಒಂದು ದೊಡ್ಡ ಅನುಕೂಲವುಂಟು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ನಾಡಿನ ತುಂಬ ಹರಡಿದ ಈ ಹೆಂಚುಗಳು ಒಂದರೊಡನೊಂದು ಕೊಂಡಿಯಂತೆ ಕೂಡಿಕೊಳ್ಳುತ್ತವೆ. ಒಂದು ಒಡೆದರೆ ಆ ಒಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಇಡೀ ಮಾಡನ್ನು ಮುಟ್ಟಬೇಕಾಗಿಲ್ಲ. ಪ್ರತಿವರ್ಷವೂ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಸಂದಿಗಳಲ್ಲಿ ಸೇರಿದ ಎಲೆ, ಕಸಗಳನ್ನು ತೆಗೆಯುವ ಪದ್ಧತಿ ಹಿಂದಿನಿಂದ ಬಂದದ್ದು. ಊರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಅಲ್ಲಿನ ಗಟ್ಟಿ ಹೆಂಚುಗಳನ್ನು ಅಗ್ಗದ ಬೆಲೆಗೆ ಕೊಂಡು ಹಿತ್ತಿಲಿನಲ್ಲಿ ಜೋಡಿಸಿಟ್ಟುಕೊಳ್ಳುವುದು ಜಾಣತನ. ಹೆಂಚು ತೆಗೆದಾಗಲೇ ಜಂತೆ, ತೊಲೆಗಳನ್ನೂ ತಟ್ಟಿ ನೋಡಬೇಕು. ಗೋಡೆಯ ಮೇಲೆ ಮಣ್ಣಿನ ಗೆರೆಯೆಳೆದುಕೊಂಡು ಹತ್ತುವ ಗೆದ್ದಲು, ಒದ್ದೆಯಾದ ಮರವನ್ನು ಹುಡುಕಿಕೊಂಡು ಬರುತ್ತದೆ. ಸೋರಿಕೆ ನಿಂತರೆ ಗೆದ್ದಲಿನ ಕಾಟವೂ ಅರ್ಧದಷ್ಟು ಇಳಿದಂತೆಯೇ. ಇನ್ನು ಗೋಡೆಯ ಬುಡದ ಮಾತು. ಅಂಗಳದ ಮಣ್ಣು ಮನೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಬಚ್ಚಲಿನ ನೀರು ದೂರ ಹರಿದುಹೋಗಬೇಕು. ಗೋಡೆಗೆ ತಾಗಿ ಬಾಳೆಯ ಪಾತಿ ಇರಬಾರದು. ಒಂದು ಗುದ್ದಲಿ, ಒಂದು ಬಾಣಲಿ, ಎರಡು ಭಾನುವಾರಗಳಿದ್ದರೆ ಈ ಕೆಲಸ ಆಗುತ್ತದೆ.

ನೀರಿನ ದಾರಿಯನ್ನು ಕಟ್ಟಿದ ಬಳಿಕ ಗೋಡೆಯ ಸರದಿ. ಇಲ್ಲಿಯೇ ಬಹಳ ಮಂದಿ ಎಡವುವುದು. ಮಣ್ಣಿನ ಗೋಡೆಯ ಗಾರೆ ಉದುರಿದರೆ ಅದರ ಮೇಲೆ ಗಟ್ಟಿಯಾದ ಸಿಮೆಂಟು ಬಳಿಸುತ್ತಾರೆ. ಅದರ ಮೇಲೆ ಎಣ್ಣೆಬಣ್ಣ ಹಚ್ಚಿಸುತ್ತಾರೆ. ಮೊದಲ ವರ್ಷ ಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ನೆಲದಿಂದ ಮೇಲೇರುವ ತೇವ ಹಿಂದೆ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಈಗ ಅದಕ್ಕೆ ದಾರಿಯಿಲ್ಲ. ಗೋಡೆ ಒಳಗೊಳಗೇ ಮೆತ್ತಗಾಗಿ, ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಬರುವಾಗ ಗೋಡೆಯ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಸಾಲದ ಕಂತು ತೀರುವ ಮೊದಲೇ ಗೋಡೆ ಮತ್ತೆ ದುರಸ್ತಿಗೆ ಬರುತ್ತದೆ. ಸಿಮೆಂಟು ಕೆಟ್ಟ ಪದಾರ್ಥವೆಂದು ಇದರ ಅರ್ಥವಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ಅದು ಒಪ್ಪುತ್ತದೆ. ಹಸಿ ಮಣ್ಣಿನ ಗೋಡೆಗೆ ಒಪ್ಪುವುದಿಲ್ಲ, ಅಷ್ಟೆ.

ಮಣ್ಣಿನ ಗೋಡೆಗೆ ಒಪ್ಪುವುದು ಮಣ್ಣು ಮತ್ತು ಸುಣ್ಣ. ಸುಣ್ಣದ ಕಥೆ ಸ್ವಾರಸ್ಯವಾದುದು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದಾಗ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗಿ ಗಟ್ಟಿಯಾಗುತ್ತದೆ. ಕಲ್ಲಾಗಿ ಹೊರಟದ್ದು ಗೋಡೆಯ ಮೇಲೆ ತೆಳುವಾದ ಕಲ್ಲಾಗಿ ಮರಳುತ್ತದೆ. ಆದರೂ ಅದು ತೇವದ ಆವಿಯನ್ನು ತಡೆಯುವುದಿಲ್ಲ. ಹಿಂದಿನವರು ಗಾರೆ ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುತ್ತಿದ್ದುದುಂಟು. ಸುಣ್ಣಕ್ಕೆ ಚಿಟಿಕೆ ನೀಲಿ ಸೇರಿಸಿದರೆ ಬಿಳುಪು ಎದ್ದು ಕಾಣುತ್ತದೆ. ಕೆಮ್ಮಣ್ಣು ಸೇರಿಸಿದರೆ ಹಿತವಾದ ಕೆಂಪು ಬರುತ್ತದೆ. ಯುಗಾದಿಗೋ ನವರಾತ್ರಿಗೋ ಮುನ್ನ ಮನೆಮಂದಿಯೆಲ್ಲ ಕೂಡಿ ಸುಣ್ಣ ಬಳಿಯುವುದರಲ್ಲಿ ಉಳಿತಾಯವೂ ಇದೆ, ಉಲ್ಲಾಸವೂ ಇದೆ. ಆದರೆ ಸುಣ್ಣ ಅರಳಿಸುವ ಕೆಲಸವನ್ನು ಮಾತ್ರ ಹಿರಿಯರೇ ಮಾಡಬೇಕು. ಕುದಿಯುವ ಸುಣ್ಣ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗುವ ಭಯವಿದೆ.

ಮೂರನೆಯದು ಬೆಳಕು ಮತ್ತು ಗಾಳಿ. ಹಳೆಯ ಮನೆಗಳ ನಡುಮನೆಗಳು ಕತ್ತಲೆಯವು. ಮಾಡಿನಲ್ಲಿ ಎರಡು ಮೂರು ಹೆಂಚುಗಳನ್ನು ತೆಗೆದು ಅದೇ ಅಳತೆಯ ಗಾಜಿನ ಹೆಂಚುಗಳನ್ನಿಟ್ಟರೆ ಹಗಲಿನಲ್ಲಿ ದೀಪದ ಅಗತ್ಯವೇ ಬೀಳದು. ಹೆಚ್ಚಾದರೆ ಬೇಸಿಗೆಯಲ್ಲಿ ಬಿಸಿಲಿನ ಕಾಟ. ಆದುದರಿಂದ ಮೊದಲು ಒಂದನ್ನಿಟ್ಟು ನೋಡಿ ಮುಂದುವರಿಯಬೇಕು. ಅಡುಗೆಮನೆಯ ಹೊಗೆಯಾದರೋ ಇನ್ನೂ ಗಂಭೀರವಾದ ವಿಷಯ. ಹೊಗೆಯಿಂದ ಕಪ್ಪಾದ ಗೋಡೆಯನ್ನು ಕಂಡು ಮರುಗುವವರು, ಅದೇ ಹೊಗೆಯನ್ನು ದಿನವೂ ಉಸಿರಾಡಿದ ತಾಯಿಯ ಎದೆಗೂಡನ್ನು ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮಗಳ ಅಗತ್ಯಗಳಿಗಾಗಿಯೇ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ, ಕಡಿಮೆ ಸೌದೆಯಿಂದ ಅಡುಗೆ ಮಾಡಿ ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಹೊರಕ್ಕೆ ಕಳುಹಿಸುವಂತಹುದು. ಇಂದು ಅನಿಲದ ಒಲೆ ಬಹಳ ಮನೆಗಳಿಗೆ ಬಂದಿದೆ. ಆದರೂ ಬಚ್ಚಲಿನಲ್ಲಿ ಸೌದೆಯ ಒಲೆ ಉರಿಯುವ ಮನೆಗಳಲ್ಲಿ ಹೊಗೆಗೊಂದು ಕೊಳವೆ ಬೇಕೇ ಬೇಕು. ವಿದ್ಯುತ್ತಿನ ತಂತಿಗಳೂ ಇಂತಹವೇ. ಹೊದಿಕೆ ಬಿರಿದ, ಇಲಿ ಕಡಿದ ಹಳೆಯ ತಂತಿ ಮರದ ಜಂತೆಯ ಪಕ್ಕದಲ್ಲಿ ಹಾದುಹೋಗಿದ್ದರೆ ಅದು ಮನೆಯೊಳಗಿನ ಕಿಡಿಯೇ ಸರಿ. ಅದನ್ನು ಬಲ್ಲವರಿಂದಲೇ ಬದಲಾಯಿಸಿ ಅರ್ತಿಂಗ್ ಹಾಕಿಸಬೇಕು. ಇಲ್ಲಿ ಉಳಿತಾಯದ ಮಾತು ಸಲ್ಲದು.

ನೆಲ ಮತ್ತು ಪೀಠೋಪಕರಣಗಳ ಸರದಿ ಆಮೇಲಿನದು. ಹಳೆಯ ಮನೆಗಳ ಕೆಂಪು ಗಾರೆಯ ನೆಲ ಒರೆಸಿದಷ್ಟೂ ಹೊಳಪೇರುವಂತಹುದು. ಅಲ್ಲಲ್ಲಿ ಬಿರುಕು ಬಿಟ್ಟಿತೆಂದು ಇಡೀ ನೆಲವನ್ನು ಅಗೆಯುವ ಬದಲು ಬಿರುಕನ್ನಷ್ಟೇ ತುಂಬಿಸಬಹುದು. ತೀರ ಕೆಟ್ಟಿದ್ದರೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಚಪ್ಪಡಿಗಳು ನಯವಾದ, ಬಾಳಿಕೆಯ ನೆಲವನ್ನು ಕೊಡುತ್ತವೆ. ಹಳೆಯ ಮಂಚ, ಸಂದೂಕ, ತೊಟ್ಟಿಲು ಇವುಗಳನ್ನು ಅಟ್ಟದ ಮೇಲೆ ಎಸೆದು ಹೊಸ ಹಲಗೆಯ ಸಾಮಾನುಗಳಿಗೆ ಹಣ ಸುರಿಯುವವರುಂಟು. ಹಲಸು, ಹೊನ್ನೆ, ತೇಗಗಳ ಆ ಮರ ಇಂದು ಹುಡುಕಿದರೂ ಸುಲಭವಾಗಿ ಸಿಕ್ಕದು. ಕೊಳೆ ತೆಗೆದು, ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕಿದರೆ ಮರದ ಎಳೆಗಳು ಮತ್ತೆ ಮೂಡಿ ಬರುತ್ತವೆ. ಸಂದೂಕ ಪಡಸಾಲೆಯಲ್ಲಿ ಆಸನವಾಗುತ್ತದೆ. ಮಡಿಸಿದ ಹಾಸಿಗೆಗಳಿಗೆ ಮನೆಯೂ ಆಗುತ್ತದೆ. ಗೋಡೆಯಲ್ಲಿಯೇ ಬಿಟ್ಟಿರುವ ಗೂಡುಗಳು ಪುಸ್ತಕಗಳಿಗೆ ತಕ್ಕ ಸ್ಥಳ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿ, ಬೆಚ್ಚನೆಯ ಹೊದಿಕೆಯೂ ಹೌದು, ಬಣ್ಣಬಣ್ಣದ ಚಿತ್ರವೂ ಹೌದು.

ಅಲಂಕಾರವೆಂದರೆ ಅಂಗಡಿಯಿಂದ ತಂದು ತೂಗುಹಾಕುವುದೆಂಬ ಭಾವನೆ ಇತ್ತೀಚಿನದು. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಯ ಸಮಯದಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬಿಡಿಸುವ ಹಸೆ ಚಿತ್ತಾರಕ್ಕೆ ಬೇಕಾದುದು ಮಣ್ಣು, ಅಕ್ಕಿ, ನಾರಿನ ಕುಂಚ ಮತ್ತು ನುರಿತ ಕೈ. ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗಾರೆ ಹಾಗೂ ಕೆಂಪುಮಣ್ಣು ಇವೆರಡೇ ಬಣ್ಣಗಳು. ಪ್ರತಿ ಮುಂಜಾನೆ ಹೊಸ್ತಿಲ ಮುಂದೆ ಮೂಡುವ ರಂಗವಲ್ಲಿಗಂತೂ ಒಂದು ಹಿಡಿ ಪುಡಿ ಸಾಕು. ಸೇವಾಗ್ರಾಮಕ್ಕೆ ಹೋದವರು ಗಾಂಧೀಜಿ ವಾಸವಾಗಿದ್ದ ಬಾಪೂ ಕುಟಿಯಲ್ಲಿ ಇಂತಹ ಅಲಂಕಾರವನ್ನು ಕಾಣಬಹುದು. ಗಾಂಧೀಜಿ 1936ರಲ್ಲಿ ಆ ಹಳ್ಳಿಗೆ ಬಂದು ನೆಲೆಸಿದರು. ಅಲ್ಲಿಯ ಮಣ್ಣಿನ ಗೋಡೆಯ ಮೇಲೆ ಮೀರಾಬೆನ್ ಅವರು ಮಣ್ಣಿನಿಂದಲೇ ಮರಗಳ ಉಬ್ಬುಚಿತ್ರವನ್ನು ಮಾಡಿದ್ದಾರೆ. ಅದಕ್ಕೆ ಖರ್ಚಾದುದು ಅಂಗಳದ ಮಣ್ಣು ಮತ್ತು ಅವರ ಪ್ರೀತಿ. ಸರಳತೆಯೂ ಸೌಂದರ್ಯವೂ ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಹಣದ ವಿಚಾರ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತನ್ನು ಮರೆತ ಮನೆಗಳಲ್ಲಿ ಗೃಹಶೋಭೆ ಹೆಚ್ಚಿದಂತೆಲ್ಲ ಗೃಹಸ್ಥನ ನಿದ್ರೆ ಕಡಿಮೆಯಾಗುತ್ತದೆ. ತಿಂಗಳಿಗಿಷ್ಟು ಎಂದು ಮನೆಯ ಹೆಸರಿನಲ್ಲಿ ತೆಗೆದಿಟ್ಟು, ವರ್ಷಕ್ಕೆ ಒಂದೇ ಕೆಲಸವೆಂದು ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ಈ ವರ್ಷ ಮಾಡು, ಮುಂದಿನ ವರ್ಷ ಚರಂಡಿ ಮತ್ತು ಬಚ್ಚಲು, ಅದರ ಮುಂದಿನ ವರ್ಷ ಗೋಡೆ, ಹೀಗೆ ಸಾಗಿದರೆ ಐದಾರು ವರ್ಷಗಳಲ್ಲಿ ಮನೆ ತನ್ನಷ್ಟಕ್ಕೆ ತಾನೇ ಹೊಸದಾಗಿರುತ್ತದೆ, ಕುಟುಂಬವೂ ಋಣಮುಕ್ತವಾಗಿರುತ್ತದೆ. ನಿಧಾನಕ್ಕೆ ಇನ್ನೊಂದು ಲಾಭವೂ ಉಂಟು. ಒಂದು ವರ್ಷ ಮಾಡಿದ ಕೆಲಸದ ಗುಣದೋಷಗಳು ಮುಂದಿನ ಮಳೆಗಾಲದಲ್ಲಿ ತಿಳಿಯುತ್ತವೆ. ಆ ತಿಳಿವಳಿಕೆ ಮುಂದಿನ ಕೆಲಸಕ್ಕೆ ಒದಗುತ್ತದೆ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಬಡವರಿಗಾಗಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿ ಹೆಸರಾದವರು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 2007ರಲ್ಲಿ ತಿರುವನಂತಪುರದಲ್ಲಿ ನಿಧನರಾದ ಅವರು, ಇತರರು ಎಸೆದ ಹಳೆಯ ಹೆಂಚುಗಳನ್ನು ಕಾಂಕ್ರೀಟಿನ ಛಾವಣಿಯೊಳಗೆ ತುಂಬಿ ಸಿಮೆಂಟು, ಕಬ್ಬಿಣಗಳ ವೆಚ್ಚವನ್ನು ತಗ್ಗಿಸುತ್ತಿದ್ದರು. ಹತ್ತಿರದಲ್ಲಿ ದೊರೆಯುವುದನ್ನು ಬಳಸು, ಇರುವುದನ್ನು ಬಿಸಾಡಬೇಡ ಎಂಬುದೇ ಅವರ ಕೆಲಸದ ತಿರುಳು.

ಯಾವ ಕೆಲಸ ಮೊದಲು ಎಂದು ನಿರ್ಧರಿಸುವಾಗ ಯಾರ ಮಾತಿಗೆ ಬೆಲೆ ಕೊಡಬೇಕು? ಜಗಲಿಯ ಅಂದ ಬೀದಿಯವರ ಕಣ್ಣಿಗೆ ಬೀಳುವುದರಿಂದ ಯಜಮಾನನ ಮನಸ್ಸು ಮೊದಲು ಅತ್ತ ಹೋಗುವುದು ಸಹಜ. ಆದರೆ ಮನೆಯ ಕೊರತೆಗಳನ್ನು ಹೆಚ್ಚಾಗಿ ಅನುಭವಿಸುವವರು ಬೇರೆ. ತಗ್ಗಾದ ಕತ್ತಲೆಯ ಅಡುಗೆಮನೆಯಲ್ಲಿ ದಿನದ ಬಹುಭಾಗ ಕಳೆಯುವ ಗೃಹಿಣಿ, ಪಾಚಿಗಟ್ಟಿದ ಬಚ್ಚಲ ಕಲ್ಲಿನ ಮೇಲೆ ಹೆಜ್ಜೆಯಿಡಲು ಅಂಜುವ ಅಜ್ಜಿ, ರಾತ್ರಿ ಶೌಚಕ್ಕಾಗಿ ಹಿತ್ತಿಲಿನ ಕತ್ತಲೆಗೆ ಹೋಗಬೇಕಾದ ಮಗು, ಇವರನ್ನು ಕೇಳಿ ಕೆಲಸದ ಪಟ್ಟಿ ಮಾಡಿದರೆ ಅದರ ಮೊದಲ ಸಾಲುಗಳೇ ಬೇರೆಯಾಗುತ್ತವೆ. ಬಚ್ಚಲಿಗೆ ಒರಟು ಕಲ್ಲು, ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ, ಹಿತ್ತಿಲ ಬಾಗಿಲಿಗೊಂದು ದೀಪ, ಅಡುಗೆಮನೆಗೊಂದು ಕಿಟಕಿ, ಇವು ಅಲ್ಪ ವೆಚ್ಚದ ಕೆಲಸಗಳು. ಬಂದ ನೆಂಟರು ಇವನ್ನು ಗಮನಿಸದಿರಬಹುದು. ಆದರೆ ಮನೆ ಸುಧಾರಿಸಿತೇ ಇಲ್ಲವೇ ಎಂಬುದಕ್ಕೆ ನಿಜವಾದ ಅಳತೆಗೋಲು ಇವೇ.

ಎಲ್ಲ ಹಳೆಯ ಮನೆಗಳನ್ನೂ ಉಳಿಸಲೇಬೇಕೆಂಬ ಹಟ ಸರಿಯಲ್ಲ. ಬುನಾದಿ ಕುಸಿದು ಗೋಡೆ ಓರೆಯಾಗಿದ್ದರೆ, ಮೇಲಿಂದ ಕೆಳಗಿನವರೆಗೆ ಬಿರುಕು ಅಗಲವಾಗುತ್ತಿದ್ದರೆ, ತೊಲೆಗಳು ಟೊಳ್ಳಾಗಿದ್ದರೆ ಅನುಭವಿ ಗಾರೆ ಕೆಲಸದವರನ್ನೋ ಎಂಜಿನಿಯರರನ್ನೋ ಕರೆದು ತೋರಿಸಬೇಕು. ಅವರು ಬೇಡವೆಂದರೆ ಆ ಭಾಗವನ್ನು ಬಿಚ್ಚುವುದೇ ವಿವೇಕ. ಪ್ರೀತಿಯ ಹೆಸರಿನಲ್ಲಿ ಪ್ರಾಣವನ್ನು ಅಪಾಯಕ್ಕೊಡ್ಡಬಾರದು. ಅಂತಹ ಸಂದರ್ಭದಲ್ಲಿಯೂ ಬಾಗಿಲು, ಕಂಬ, ಕಲ್ಲು, ಹೆಂಚುಗಳನ್ನು ಕಾಪಾಡಿಟ್ಟುಕೊಂಡರೆ ಹಳೆಯ ಮನೆ ಹೊಸ ಮನೆಯೊಳಗೆ ಬದುಕಿ ಮುಂದುವರಿಯುತ್ತದೆ.

ಮನೆ ಯಾವ ಒಬ್ಬರ ಸೃಷ್ಟಿಯೂ ಅಲ್ಲ. ಮುತ್ತಜ್ಜ ಬುನಾದಿ ಹಾಕಿದ; ಅಜ್ಜ ಹುಲ್ಲಿನ ಮಾಡನ್ನು ತೆಗೆದು ಹೆಂಚು ಹೊದಿಸಿದ; ಅಜ್ಜಿ ಹಿತ್ತಿಲಿನಲ್ಲಿ ಹಲಸಿನ ಸಸಿ ನೆಟ್ಟಳು; ತಂದೆ ವಿದ್ಯುದ್ದೀಪ ತಂದ; ತಾಯಿ ಗೋಡೆಯ ಗೂಡುಗಳನ್ನು ಪುಸ್ತಕಗಳಿಂದ ತುಂಬಿದಳು. ಪ್ರತಿಯೊಂದು ತಲೆಮಾರೂ ತನ್ನ ಶಕ್ತಿಗೆ ತಕ್ಕಷ್ಟನ್ನು ಸೇರಿಸಿ, ತಾನು ಪಡೆದುದಕ್ಕಿಂತ ಸ್ವಲ್ಪ ಉತ್ತಮವಾದ ಸ್ಥಿತಿಯಲ್ಲಿ ಮನೆಯನ್ನು ಮುಂದಿನವರ ಕೈಗೆ ಒಪ್ಪಿಸುವುದೇ ಗೃಹಧರ್ಮ. ಅದಕ್ಕೆ ಸಂಪತ್ತಿಗಿಂತ ಹೆಚ್ಚಾಗಿ ಬೇಕಾದುದು ಗಮನ, ತಾಳ್ಮೆ ಮತ್ತು ಕೂಡಿ ದುಡಿಯುವ ಮನಸ್ಸು.

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಳೆಯ ಮನೆಯ ಮೊದಲ ಶತ್ರು ಯಾವುದು?
2. ಮಂಗಳೂರು ಹೆಂಚಿನ ಮಾಡಿಗಿರುವ ಅನುಕೂಲವೇನು?
3. ಬಾಪೂ ಕುಟಿಯ ಗೋಡೆಯ ಅಲಂಕಾರವನ್ನು ಮಾಡಿದವರು ಯಾರು? ಯಾವುದರಿಂದ?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಣ್ಣಿನ ಗೋಡೆಗೆ ಸಿಮೆಂಟು ಏಕೆ ಒಪ್ಪುವುದಿಲ್ಲ? ಸುಣ್ಣ ಏಕೆ ಒಪ್ಪುತ್ತದೆ?
2. ಮನೆಯ ಸುಧಾರಣೆಯಲ್ಲಿ ಯಾರ ಮಾತಿಗೆ ಬೆಲೆ ಕೊಡಬೇಕೆಂದು ಪಾಠ ಹೇಳುತ್ತದೆ? ಏಕೆ?

ಇ) ಮಾಡಿ ನೋಡಿರಿ.
ಮಳೆ ಬಂದ ದಿನ ನಿಮ್ಮ ಮನೆಯ ಒಳಗೂ ಹೊರಗೂ ಒಂದು ಸುತ್ತು ಬಂದು ಕಂಡುದನ್ನು ಬರೆಯಿರಿ. ಮನೆಯ ಹಿರಿಯರೊಡನೆ ಚರ್ಚಿಸಿ, ಮೊದಲು ಮಾಡಬೇಕಾದ ಮೂರು ಕೆಲಸಗಳ ಪಟ್ಟಿಯನ್ನು ಕಾರಣಸಹಿತವಾಗಿ ಸಿದ್ಧಪಡಿಸಿರಿ.